ಒಡೆದ ಥರ್ಮಾಮೀಟರನ್ನು ಎಲ್ಲಿಗೆ ಕೊಡಬೇಕು?

ಪಾದರಸದ ಬಳಕೆಗೆ ಕಡಿವಾಣ ಹಾಕುವ ಮಿನಮಾಟ ಒಪ್ಪಂದಕ್ಕೆ ಭಾರತ 2014ರಲ್ಲಿ ಸಹಿ ಮಾಡಿತು, 2018ರಲ್ಲಿ ಅನುಮೋದನೆ ನೀಡಿತು. ಅದರ ಫಲ ಕಣ್ಣಿಗೆ ಕಾಣುತ್ತಿದೆ. ಇಂದು ಶಿವಾಜಿನಗರದ ಮೆಡಿಕಲ್ ಶಾಪಿನಲ್ಲಿ ಥರ್ಮಾಮೀಟರ್ ಕೇಳಿದರೆ ಡಿಜಿಟಲ್ ಕೊಡುತ್ತಾರೆ. ಕೊಳ್ಳುವ ಕಡೆ ಆಗಿರುವ ಈ ಬದಲಾವಣೆ ಮೆಚ್ಚತಕ್ಕದ್ದೇ. ಆದರೆ ಈಗಾಗಲೇ ಮನೆ, ಕ್ಲಿನಿಕ್ಕುಗಳಲ್ಲಿ ಇರುವ ಪಾದರಸದ ಗತಿಯೇನು ಎಂಬಲ್ಲಿ ವ್ಯವಸ್ಥೆ ಕೈಚೆಲ್ಲಿದೆ.

ಕಾನೂನಿನಲ್ಲಿ ಉತ್ತರ ಇಲ್ಲವೆಂದಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಒಡೆದ ಥರ್ಮಾಮೀಟರನ್ನು ಹೆಸರಿಸಿಯೇ ಗೃಹಬಳಕೆಯ ಅಪಾಯಕಾರಿ ತ್ಯಾಜ್ಯದ ಪಟ್ಟಿಗೆ ಸೇರಿಸಿದವು. ಅಂಥ ಕಸ ಒಪ್ಪಿಸಲು ಪ್ರತಿ 20 ಚದರ ಕಿಲೋಮೀಟರಿಗೆ ಒಂದು ಕೇಂದ್ರ ತೆರೆಯಬೇಕೆಂದೂ ಹೇಳಿದವು. ಸುಮಾರು 700 ಚದರ ಕಿಲೋಮೀಟರಿನ ಬೆಂಗಳೂರಿಗೆ ಲೆಕ್ಕ ಹಾಕಿದರೆ 35 ಕೇಂದ್ರಗಳಾಗಬೇಕು. ನಿಯಮಗಳಲ್ಲೇ ಅತ್ಯಂತ ವಿವೇಕದ ಮಾತು ಇದು. ಆದರೆ ಇಂದಿರಾನಗರದಲ್ಲೋ ಕೆ.ಆರ್. ಪುರದಲ್ಲೋ ನಿಂತು ಆ ಕೇಂದ್ರ ಎಲ್ಲಿದೆ ಎಂದು ಕೇಳಿದರೆ ದಾರಿ ತೋರಿಸಬಲ್ಲವರು ಸಿಗುವುದು ಕಷ್ಟ.

ಗುಜರಿ ಅಂಗಡಿಯ ದಾರಿ ಮಾತ್ರ ಎಲ್ಲರಿಗೂ ಗೊತ್ತು.

ಹಳೆಯ ಬಿ.ಪಿ. ಪೆಟ್ಟಿಗೆಯ ಮುಚ್ಚಳ ಎತ್ತಿದರೆ ಗೆರೆ ಕೊರೆದ ಗಾಜಿನ ಕೊಳವೆ, ಬುಡದಲ್ಲಿ ಪಾದರಸ ತುಂಬಿದ ಪುಟ್ಟ ಡಬ್ಬಿ. ಒಂದೊಂದರಲ್ಲೂ ನೂರು ಗ್ರಾಂ ಆಸುಪಾಸು. ಇಂಥ ಪೆಟ್ಟಿಗೆ ತೂಕದ ಲೆಕ್ಕದಲ್ಲಿ ಗುಜರಿಗೆ ಹೋದರೆ, ತಗಡು, ಗಾಜು, ರಬ್ಬರು ಬೇರೆಯಾಗುವಷ್ಟರಲ್ಲಿ ಪಾದರಸ ನೆಲದ ಬಿರುಕು ಸೇರಿರುತ್ತದೆ. ಮಾಮೂಲಿ ಸೆಕೆಯಲ್ಲೇ ಅದು ಆವಿಯಾಗುತ್ತದೆ. ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನೊಂದಿಗೆ ಒಳಹೋಗಿ ನರಗಳನ್ನೂ ಮೂತ್ರಪಿಂಡಗಳನ್ನೂ ಕೆಡಿಸುತ್ತದೆ. ಅಲ್ಲಿ ಕೆಲಸ ಮಾಡುವವರಿಗೆ ಇದನ್ನು ಹೇಳುವವರು ಯಾರು? ಕೊಡೈಕನಾಲಿನ ಹಿಂದೂಸ್ತಾನ್ ಲೀವರ್ ಥರ್ಮಾಮೀಟರ್ ಕಾರ್ಖಾನೆಯ ಪಾದರಸ ಮೆತ್ತಿದ ಗಾಜಿನ ಚೂರುಗಳು 2001ರಲ್ಲಿ ಪತ್ತೆಯಾದದ್ದೂ ಊರಿನ ಗುಜರಿಯಲ್ಲೇ. ಅದೇ ವರ್ಷ ಕಾರ್ಖಾನೆ ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ತ್ಯಾಜ್ಯವನ್ನು ಅಮೆರಿಕಕ್ಕೆ ಸಾಗಿಸಬೇಕಾಯಿತು.

ಇನ್ನೊಂದು ಲೋಪ ಹೆಚ್ಚು ನೋವಿನದು. ಟ್ಯೂಬ್‌ಲೈಟಿನಲ್ಲಿರುವುದು ಕೆಲವೇ ಮಿಲಿಗ್ರಾಂ ಪಾದರಸ. ಆದರೂ ಅದು ಇ-ತ್ಯಾಜ್ಯ ನಿಯಮಗಳಡಿ ಬರುತ್ತದೆ, ವಿಲೇವಾರಿಯ ಹೊಣೆ ತಯಾರಕರ ಮೇಲಿದೆ. ಗಾಜಿನ ಥರ್ಮಾಮೀಟರಿಗೂ ಬಿ.ಪಿ. ಪೆಟ್ಟಿಗೆಗೂ ಕರೆಂಟು ಬೇಡವಾದ್ದರಿಂದ ಅವು ಆ ನಿಯಮಗಳಿಂದ ಹೊರಗೆ. ಮಿಲಿಗ್ರಾಂ ಮಾರಿದವರಿಗೆ ಇರುವ ಹೊಣೆ ನೂರು ಗ್ರಾಂ ಮಾರಿದವರಿಗೂ ಇರಬೇಡವೇ? ದೊಡ್ಡ ಆಸ್ಪತ್ರೆಗಳಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2010ರ ಮಾರ್ಗಸೂಚಿಯಾದರೂ ಇದೆ. ಬೌರಿಂಗ್ ಆಸ್ಪತ್ರೆಯ ಸುತ್ತಲ ಗಲ್ಲಿಗಳಂಥ ಕಡೆ ಒಂಟಿ ಡಾಕ್ಟರು ನಡೆಸುವ ಕ್ಲಿನಿಕ್ಕಿಗೆ ಕಾಗದದ ಮೇಲಿನ ಆ ದಾರಿ ಎಟುಕುವುದಿಲ್ಲ.

ಮನೆಯಲ್ಲಿ ಥರ್ಮಾಮೀಟರ್ ಒಡೆದಾಗ ಜನ ಮೊದಲು ಹಿಡಿಯುವುದು ಪೊರಕೆ. ಅದೇ ತಪ್ಪು: ಒಂದು ಗುಂಡು ನೂರು ಹನಿಯಾಗಿ ಸಿಡಿಯುತ್ತದೆ. ಮಕ್ಕಳನ್ನು ಆಚೆ ಕಳಿಸಿ, ಕಿಟಕಿ ತೆರೆದು, ಬಳೆ ಉಂಗುರ ತೆಗೆದಿಟ್ಟು (ಚಿನ್ನಕ್ಕೆ ಪಾದರಸ ತಗುಲಿದರೆ ಬೆಳ್ಳಗಾಗುತ್ತದೆ), ಗ್ಲೌಸ್ ಹಾಕಿಕೊಂಡು, ಎರಡು ರಟ್ಟಿನ ತುಂಡುಗಳಿಂದ ಹನಿಗಳನ್ನು ಒಟ್ಟುಗೂಡಿಸಬೇಕು. ಟಾರ್ಚನ್ನು ನೆಲಕ್ಕೆ ಓರೆಯಾಗಿ ಹಿಡಿದರೆ ಅಡಗಿದ ಹನಿಗಳೂ ಮಿನುಗುತ್ತವೆ. ಅವನ್ನು ಸೂಜಿಯಿಲ್ಲದ ಸಿರಿಂಜಿನಿಂದ ಹೀರಿ, ಮೇಲೆ ಸ್ವಲ್ಪ ನೀರು ನಿಲ್ಲಿಸಿದ ಪ್ಲಾಸ್ಟಿಕ್ ಸೀಸೆಗೆ ಬಿಡಬೇಕು. ಅಲ್ಯೂಮಿನಿಯಂ ಡಬ್ಬಿ ಬೇಡ, ಪಾದರಸ ಅದನ್ನು ತಿಂದುಹಾಕುತ್ತದೆ. ಸಿಂಕಿಗೆ ಸುರಿದರೆ ಪೈಪಿನ ಬಾಗಿನಲ್ಲಿ ಕೂತು ಆವಿಯಾಗುತ್ತಿರುತ್ತದೆ. ರಾಜಕಾಲುವೆ ಹಿಡಿದು ಹಲಸೂರು ಕೆರೆಯಂಥ ಕಡೆ ಸೇರಿದರೆ, ಕೆಸರಿನ ಸೂಕ್ಷ್ಮಾಣುಗಳು ಅದನ್ನು ಮೀಥೈಲ್ ಪಾದರಸವಾಗಿಸಿ ಮೀನಿನ ಮೈಗೆ ಏರಿಸುತ್ತವೆ.

ಇಷ್ಟು ಜೋಪಾನವಾಗಿ ತುಂಬಿಟ್ಟ ಸೀಸೆಯನ್ನು ಕೊಡಲು ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಜಾಗ ಬೇಕು. ವಾರ್ಡುಗಳಲ್ಲಿರುವ ಒಣತ್ಯಾಜ್ಯ ಸಂಗ್ರಹಣಾ ಕೇಂದ್ರಗಳಲ್ಲೇ ಬೀಗ ಹಾಕಿದ ಒಂದು ಪೆಟ್ಟಿಗೆ ಇಡಬಹುದು, ಅದನ್ನು ನೋಡಿಕೊಳ್ಳುವವರಿಗೆ ತರಬೇತಿ ಕೊಡಬಹುದು, ತುಂಬಿದ ಸೀಸೆಗಳನ್ನು ಅಪಾಯಕಾರಿ ತ್ಯಾಜ್ಯದ ಘಟಕಕ್ಕೆ ಸಾಗಿಸುವ ಖರ್ಚನ್ನು ಉಪಕರಣ ಮಾರಿದ ಕಂಪನಿಗಳಿಂದ ವಸೂಲು ಮಾಡಬಹುದು. ಗುಜರಿಯವರಿಗೂ ಬಿ.ಪಿ. ಪೆಟ್ಟಿಗೆಯೊಂದಕ್ಕೆ ಇಷ್ಟು ಎಂದು ಹಣ ಕೊಟ್ಟರೆ, ಅದನ್ನು ಒಡೆಯದೆ ಹಾಗೇ ತಂದೊಪ್ಪಿಸುವುದೇ ಅವರಿಗೆ ಲಾಭ.