ಧ್ವನಿಮುದ್ರಿಕೆಗಳಲ್ಲಿ ಬ್ಲೂಸ್ ಗಾಯಕಿಯರು: ಕಲಾಮೌಲ್ಯದ ಪ್ರಶ್ನೆ

ಮೌಖಿಕ ಪರಂಪರೆಯಲ್ಲಿ ಬೆಳೆದ ಕಲಾವಿದೆಯನ್ನು ಯಂತ್ರದ ಮೂಲಕ ಮಾತ್ರ ಕೇಳಲು ಸಾಧ್ಯವಾದಾಗ ಆಕೆಯ ಕಲೆಯನ್ನು ಅಳೆಯುವ ಮಾನದಂಡ ಯಾವುದು? ಅಮೆರಿಕದ ಕಪ್ಪು ಗಾಯಕಿಯರ ಆರಂಭಕಾಲದ ಬ್ಲೂಸ್ ಮುದ್ರಿಕೆಗಳು ಈ ಪ್ರಶ್ನೆಯನ್ನು ಎತ್ತುತ್ತವೆ. 1920ರ ಆಗಸ್ಟ್‌ನಲ್ಲಿ ಮೇಮಿ ಸ್ಮಿತ್ ಓಕೆ ಕಂಪನಿಗಾಗಿ ಹಾಡಿದ ‘ಕ್ರೇಜಿ ಬ್ಲೂಸ್’ ಯಶಸ್ವಿಯಾದ ಮೇಲೆ ಇತರ ಕಂಪನಿಗಳೂ ಇಂಥ ಗಾಯಕಿಯರನ್ನು ಅರಸತೊಡಗಿದವು. ಇವರ ಹಾಡುಗಳನ್ನು ಸಾಮಾಜಿಕ ದಾಖಲೆಗಳೆಂದು ಓದುವುದು ಒಂದು ರೂಢಿ. ‘ಸಹಜ ಪ್ರತಿಭೆ’ ಎಂದು ಕೊಂಡಾಡುವುದು ಇನ್ನೊಂದು. ಎರಡರಲ್ಲಿಯೂ ಹಾಡುಗಾರಿಕೆಯ ಕೌಶಲ ಮರೆಯಾಗುತ್ತದೆ.

ಮೊದಲು ಯಂತ್ರದ ಮಿತಿಯನ್ನು ಅರಿಯಬೇಕು. 1925ರಲ್ಲಿ ವಿದ್ಯುತ್ ಮುದ್ರಣ ಬರುವವರೆಗೆ ಗಾಯಕಿ ಕಹಳೆಯೊಂದರ ಬಾಯಿಗೆ ಹಾಡಬೇಕಿತ್ತು. ಆ ಧ್ವನಿಯ ಒತ್ತಡವೇ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ಊಷ್ಮಾಕ್ಷರಗಳು ಮಸುಕಾಗುತ್ತಿದ್ದವು. ಹತ್ತು ಅಂಗುಲದ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷ ಮಾತ್ರ ಹಿಡಿಯುತ್ತಿತ್ತು. ಸಭೆಯ ಮರುದನಿಗೆ ಅಲ್ಲಿ ಅವಕಾಶವೇ ಇರಲಿಲ್ಲ.

ಈ ಹಿನ್ನೆಲೆಯಲ್ಲಿ ‘ಡೌನ್ ಹಾರ್ಟೆಡ್ ಬ್ಲೂಸ್’ ಗಮನಾರ್ಹ. ಲವಿ ಆಸ್ಟಿನ್ ಅವರೊಡನೆ ಇದನ್ನು ರಚಿಸಿದ ಆಲ್ಬರ್ಟಾ ಹಂಟರ್ 1922ರಲ್ಲಿ ಸ್ವತಃ ಹಾಡಿದ್ದರು. 1923ರ ಫೆಬ್ರವರಿಯಲ್ಲಿ ಬೆಸ್ಸಿ ಸ್ಮಿತ್ ಕೇವಲ ಪಿಯಾನೊ ಜೊತೆ ಅದನ್ನೇ ಹಾಡಿದರು. ಜನಮನದಲ್ಲಿ ಉಳಿದದ್ದು ಈ ಎರಡನೆಯದು. ಕೊಲಂಬಿಯಾ ಕಂಪನಿಯ ಮಾರಾಟಜಾಲವೂ ಇದಕ್ಕೆ ಕಾರಣವಿರಬಹುದು. ಆದರೆ ರಚನೆ ಒಂದೇ ಆಗಿರುವುದರಿಂದ ಕಲಾತ್ಮಕ ವ್ಯತ್ಯಾಸವನ್ನು ಸಾಹಿತ್ಯದಲ್ಲಿ ಹುಡುಕಿ ಫಲವಿಲ್ಲ. ಬೆಸ್ಸಿಯವರದು ನಿಧಾನ ನಡೆ. ಕೆಲವೇ ಸ್ವರಗಳ ಸುತ್ತ ಸುಳಿದಾಡುವ ಕಂಠ. ಪದದ ಮೇಲೆ ಸ್ವರವನ್ನು ಬಾಗಿಸುವ, ನಿರೀಕ್ಷಿಸದ ಕಡೆ ಉಸಿರು ತೆಗೆದು ಸಾಲನ್ನು ಮುರಿಯುವ ಕ್ರಮ. ಹಾಡಿನ ಅರ್ಥ ಹುಟ್ಟುವುದು ಈ ಮುರಿತಗಳಲ್ಲಿ.

1925ರ ಜನವರಿ 14ರಂದು ಮುದ್ರಿತವಾದ ‘ಸೇಂಟ್ ಲೂಯಿಸ್ ಬ್ಲೂಸ್’ ಇದಕ್ಕೆ ಉತ್ತಮ ನಿದರ್ಶನ. ಡಬ್ಲ್ಯು. ಸಿ. ಹ್ಯಾಂಡಿ 1914ರಲ್ಲಿ ಪ್ರಕಟಿಸಿದ ಈ ರಚನೆಯನ್ನು ಬೆಸ್ಸಿ ಹಾಡುವಾಗ ಹಿನ್ನೆಲೆಯಲ್ಲಿ ಫ್ರೆಡ್ ಲಾಂಗ್‌ಶಾ ಅವರ ಹಾರ್ಮೋನಿಯಂ ಇದೆ. ಆಕೆ ಸಾಲು ಮುಗಿಸಿ ಬಿಟ್ಟ ಜಾಗವನ್ನು ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಕಾರ್ನೆಟ್ ತುಂಬುತ್ತದೆ. ಸಭೆ ಕೊಡಬೇಕಿದ್ದ ಮರುದನಿಯನ್ನು ಇಲ್ಲಿ ವಾದ್ಯ ಕೊಡುತ್ತಿದೆ. ಹೀಗೆ ಕರೆ–ಪ್ರತಿಕರೆಯ ಮೌಖಿಕ ವಿನ್ಯಾಸ ಯಂತ್ರದೊಳಗೂ ಜೀವಂತವಾಗಿದೆ.

ಮಾ ರೇನಿ ಅವರ ವಿಷಯದಲ್ಲಿ ವಿಮರ್ಶಕ ಇನ್ನಷ್ಟು ಎಚ್ಚರ ವಹಿಸಬೇಕು. ಡೇರೆ ಪ್ರದರ್ಶನಗಳಲ್ಲಿ ಪಳಗಿದ್ದ ಅವರು 1923ರಿಂದ 1928ರವರೆಗೆ ಹಾಡಿದ್ದು ಪ್ಯಾರಾಮೌಂಟ್ ಕಂಪನಿಗೆ. ಕುರ್ಚಿ ತಯಾರಿಸುವ ಸಂಸ್ಥೆಯೊಂದರ ಅಂಗವಾಗಿದ್ದ ಅದರ ಮುದ್ರಣಗುಣ ಕಳಪೆ. ಆ ಗೊರಗೊರ ಸದ್ದನ್ನು ಗಾಯಕಿಯ ಒರಟುತನವೆಂದು ಭಾವಿಸುವುದು ಅನ್ಯಾಯ. ಅದನ್ನೇ ‘ಅಪ್ಪಟ ಜಾನಪದ’ದ ಗುರುತೆಂದು ಮೆಚ್ಚುವುದೂ ಅಷ್ಟೇ ತಪ್ಪು.

ಜಾನಪದ ವಿದ್ವಾಂಸರಾದ ನಾವು ಹಾಡುಗಳ ಪಠ್ಯವನ್ನು ಶ್ರದ್ಧೆಯಿಂದ ಅಚ್ಚು ಹಾಕಿಸಿದ್ದೇವೆ; ಹಾಡಿದವಳ ಉಸಿರು, ನಿಲುಗಡೆ, ಎಳೆತಗಳನ್ನು ಗುರುತಿಸಿದ್ದು ವಿರಳ. ಹಾಡುಗಾರ್ತಿ ನಮ್ಮಲ್ಲಿ ‘ವಕ್ತೃ’ವಾಗಿ ಉಳಿದಳು, ಕರ್ತೃವಾಗಲಿಲ್ಲ. ಪರರ ರಚನೆಯನ್ನು ಹಾಡಿಯೂ ಅದರ ಕರ್ತೃವಾಗಬಹುದೆಂಬುದನ್ನು ಬೆಸ್ಸಿ ಸ್ಮಿತ್ ಅವರ ಮೂರು ನಿಮಿಷಗಳ ತಟ್ಟೆಗಳು ಸ್ಪಷ್ಟಪಡಿಸುತ್ತವೆ. ನಮ್ಮ ಧ್ವನಿಸಂಗ್ರಹಗಳನ್ನು ಈ ದೃಷ್ಟಿಯಿಂದ ಮರಳಿ ಕೇಳಬೇಕಾದ ಅಗತ್ಯವಿದೆ.