ಮೊದಲು ಅಂಕಿ ಓದಿ, ಆಮೇಲೆ ಬೆಲೆ ಕೇಳಿ

ಹಳೇ ಕೋವಿಯ ಹುಚ್ಚು ಹಿಡಿದ ಹುಡುಗರು ಈಚೆಗೆ ವಿಳಾಸ ಕೇಳಿಕೊಂಡು ನಮ್ಮೂರು ಹೇಮಾವತಿಯವರೆಗೂ ಬರುತ್ತಾರೆ. ಬಂದವರದು ಎರಡೇ ಪ್ರಶ್ನೆ. "ಸಾರ್, ಇದು ಟಿಪ್ಪುದೇನಾ? ಎಷ್ಟು ಬಾಳುತ್ತೆ?" ಮಾಡಿದವನು ಯಾರು, ಯಾವ ಊರಿನ ಕಾರ್ಖಾನೆ, ಯಾವ ವರ್ಷ ಎಂದು ಕೇಳಿದವರು ಬೆರಳೆಣಿಕೆಯಷ್ಟು. 2023ರಲ್ಲಿ ಟಿಪ್ಪುವಿನ ಕತ್ತಿ ಲಂಡನ್ನಿನ ಹರಾಜಿನಲ್ಲಿ 1.4 ಕೋಟಿ ಪೌಂಡಿಗೆ ಹೋದಾಗ ಎಲ್ಲರ ಬಾಯಲ್ಲೂ ಆ ಮೊತ್ತವೇ. ಆ ಕತ್ತಿಯ ಉಕ್ಕು ಹೇಗಿತ್ತು ಎಂದು ಒಬ್ಬರೂ ಮಾತಾಡಲಿಲ್ಲ. ಕತ್ತಿ ಯಾವ ಅರಸನ ಬಳಿ ಇರಲಿಲ್ಲ? ಶ್ರೀರಂಗಪಟ್ಟಣದ ಚಕಮಕಿ ಕೋವಿಯ ಮಾತೇ ಬೇರೆ.

ಕಳೆದ ವರ್ಷ ಬೆಂಗಳೂರಿನಿಂದ ಒಬ್ಬ ಬಂದಿದ್ದ. ಅವನಿಗೆ ಬೇಕಿದ್ದದ್ದು ಸ್ಮಿತ್ ಅಂಡ್ ವೆಸನ್ ಕಂಪನಿಯ ಮೊದಲ ರಿವಾಲ್ವರ್. 1857ರದು, ಏಳು ಗುಂಡಿನದು. ತೋಟಾದ ಅಂಚಿನಲ್ಲೇ ಸಿಡಿಮದ್ದು ತುಂಬಿದ ರಿಮ್‌ಫೈರ್ ಜಾತಿ. ಒಳ್ಳೆಯ ವಸ್ತು, ಅಲ್ಲಗಳೆಯುವುದಿಲ್ಲ. ಆದರೆ ಮರುಮದ್ದು ತುಂಬದೆ ಇನ್ನೊಂದು ಈಡು ಹೊಡೆಯಬೇಕೆಂಬ ಆಸೆಗೆ ಅದಕ್ಕೂ 60 ವರ್ಷ ಮೊದಲೇ ನಮ್ಮ ಕಾವೇರಿ ದಂಡೆಯಲ್ಲಿ ಉತ್ತರ ಸಿಕ್ಕಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ಶ್ರೀರಂಗಪಟ್ಟಣದ ಸೈಯದ್ ಮಾಸೂಮ್ ಎಂಬ ಕುಶಲಿ ಒಂದೇ ನಳಿಗೆಯಲ್ಲಿ ಎರಡು ಈಡನ್ನು ಒಂದರ ಹಿಂದೊಂದು ತುಂಬುವ ಬೇಟೆಕೋವಿ ಮಾಡಿದ್ದ. ಮುಂದಿನ ಈಡಿನ ಬೆಂಕಿ ಹಿಂದಿನದಕ್ಕೆ ತಗುಲಿದರೆ ಹಿಡಿದವನ ಕೈಯೇ ಹೋದೀತು. ಹಾಗಾಗದಂತೆ ಕೂರಿಸುವುದು ಎಂಥ ಕೆಲಸ ಯೋಚಿಸಿ. 2015ರ ಏಪ್ರಿಲ್ 21ರಂದು ಬಾನ್‌ಹಮ್ಸ್ ಹರಾಜಿನಲ್ಲಿ ಅದು 7 ಲಕ್ಷ ಪೌಂಡಿಗೂ ಮಿಕ್ಕಿ ಹೋಯಿತು. ಅದೂ ಸೇರಿ ರಾಬಿನ್ ವಿಗಿಂಗ್ಟನ್ ಎಂಬ ಸಂಗ್ರಾಹಕ ಜೀವಮಾನವಿಡೀ ಕೂಡಿಟ್ಟದ್ದು ಅಂದು ಚೆದುರಿತು. ಟಿಪ್ಪುವಿನ ಕೋವಿಗಳ ಬಗ್ಗೆ ಆತ 1992ರಲ್ಲಿ ಹೊರತಂದ ಪುಸ್ತಕ ಓದದೆ ಈ ದಾರಿಗೆ ಕಾಲಿಡಬೇಡಿ.

ನನಗೆ ನೋಡಲು ಕಲಿಸಿದ್ದು ನಮ್ಮೂರಿನ ಕಲ್ಲು. ನೊಳಂಬ ಅರಸರ ಹೆಂಜೇರೇ ಇಂದಿನ ಹೇಮಾವತಿ. ಚಿಕ್ಕವನಿದ್ದಾಗ ದೊಡ್ಡೇಶ್ವರ ಗುಡಿಯ ಜಾಲಂಧ್ರದ, ಅಂದರೆ ಕಲ್ಲಿನ ಜಾಲರಿ ಕಿಟಕಿಯ, ಎದುರು ನಿಲ್ಲಿಸಿ ನಮ್ಮ ಮೇಷ್ಟ್ರು, "ಮೂರ್ತಿ ಬಿಡೋ ಮಗಾ, ಉಳಿ ಎಲ್ಲಿ ತಿರುಗೈತೆ ನೋಡು" ಅಂದಿದ್ದರು. ಎಷ್ಟೋ ವರ್ಷದ ಮೇಲೆ ಒಂದು ವಸ್ತುಸಂಗ್ರಹಾಲಯದಲ್ಲಿ, ಮಂಕು ದೀಪದ ಕೆಳಗೆ, ತಪ್ಪು ಚೀಟಿ ಅಂಟಿಸಿಕೊಂಡು ಮಲಗಿದ್ದ ಕೋವಿಯೊಂದನ್ನು ಕಂಡಾಗ ಆ ಮಾತು ನೆನಪಾಯಿತು. ಮಂಡಿಯೂರಿ ಕೂತು ಗಾಜಿಗೆ ಮುಖ ಒತ್ತಿದೆ. ಚಕಮಕಿ ಕಲ್ಲು ಕಚ್ಚುವ ಕುದುರೆಯ ಬುಡದಲ್ಲಿ ನಾಲ್ಕು ಅಂಕಿ. ಬಲದಿಂದ ಎಡಕ್ಕೆ! ಅವತ್ತು ಬಸ್ಸು ತಪ್ಪಿತು, ರಾತ್ರಿ ನಿದ್ದೆಯೂ ಬರಲಿಲ್ಲ.

ಈ ಅಂಕಿಯ ವಿಷಯ ಬಿಡಿಸಿ ಹೇಳಲೇಬೇಕು. ಟಿಪ್ಪು ಹಿಜರಿ ಶಕೆಯನ್ನು ಪಕ್ಕಕ್ಕಿಟ್ಟು ಮೌಲೂದಿ ಎಂಬ ತನ್ನದೇ ಲೆಕ್ಕ ತಂದ. ನಮ್ಮ ಅರವತ್ತು ಸಂವತ್ಸರಗಳ ಚಕ್ರವನ್ನೇ ಒಳಗಿಟ್ಟುಕೊಂಡು ವರ್ಷಕ್ಕೊಂದು ಹೊಸ ಹೆಸರಿಟ್ಟ. 1787ರ ಸುಮಾರಿಗೆ ನಾಣ್ಯದ ಮೇಲೆ 1215 ಬರುತ್ತದೆ. ಅರಬ್ಬಿ, ಪಾರ್ಸಿ ಅಕ್ಷರ ಬಲದಿಂದ ಎಡಕ್ಕೆ ಹೋದರೂ ಅಂಕಿ ಮಾತ್ರ ಎಡದಿಂದ ಬಲಕ್ಕೇ. ಮೌಲೂದಿ ಇಸವಿಯಲ್ಲಿ ಅಂಕಿಯನ್ನೂ ತಿರುಗಿಸಿದ. 1215 ಎಂಬುದು ನಮ್ಮ ಕಣ್ಣಿಗೆ 5121 ಎಂದು ಕಾಣುತ್ತದೆ. ಹುಲಿಪಟ್ಟೆ, ಹುಲಿತಲೆ ಯಾವ ಕಮ್ಮಾರ ಬೇಕಾದರೂ ಕೊರೆದಾನು. ಖೋಟಾ ಮಾಡುವವನ ಕೈ ಎಡವುವುದು ಈ ಅಂಕಿಯಲ್ಲಿ. ಪಟ್ಟೆ ನೋಡಿ ಮರುಳಾಗಿ ದುಡ್ಡು ಎಣಿಸಿದವರನ್ನು ಕಂಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಇಸವಿ ಆದಮೇಲೆ ಊರು: ಶ್ರೀರಂಗಪಟ್ಟಣವೋ, ನಗರವೆಂಬ ಊರೋ. ಆಮೇಲೆ ಕುಶಲಿಯ ಹೆಸರು.

ನಳಿಗೆ, ಮರದ ಹಿಡಿ, ಬೆಳ್ಳಿ ಕೆತ್ತನೆ ನಿಧಾನಕ್ಕೆ ತಾನಾಗಿ ತಿಳಿಯುತ್ತವೆ.

ಎಲ್ಲಿ ಸಿಗುತ್ತದೆ? ಶಿರಾದಲ್ಲೋ ಮಡಕಶಿರಾದಲ್ಲೋ ಯಾರದೋ ಅಟ್ಟದ ಮೇಲಿದೆ ಎನ್ನುವ ದಲ್ಲಾಳಿಯ ಮಾತು ನಂಬಬೇಡಿ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಮೇಲೆ ಅರಮನೆಯ ಆಯುಧಗಳು ಲೂಟಿಯಾಗಿ ಇಂಗ್ಲಿಷರ ಮನೆಗಳಿಗೆ ಸೇರಿದವು. ವೇಲ್ಸಿನ ಪೋವಿಸ್ ಕೋಟೆಯಲ್ಲಿ ಟಿಪ್ಪುವಿನ ಸಾಮಾನು ಈಗಲೂ ಇದೆ. ಆದ್ದರಿಂದ ಯಾವ ಅಧಿಕಾರಿಯ ಮನೆತನದಿಂದ ಕೈಬದಲಾಯಿತು ಎಂಬ ಕಾಗದವಿಲ್ಲದ ಕೋವಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಇನ್ನು ಕಾನೂನು. ದುರಸ್ತಿ ಮಾಡಿದರೂ ಸಿಡಿಯದ ಹಳೇ ಕಾಲದ ಆಯುಧಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆ ವಿನಾಯಿತಿ ಕೊಡುತ್ತದೆ. ಸಿಡಿಯುವಂಥದ್ದನ್ನು ಬಳಸಲು, ಹೊತ್ತು ಸಾಗಿಸಲು ಲೈಸೆನ್ಸು ಬೇಕು, ಆ ಬೆಂಗಳೂರಿನವನು ಬಯಸಿದ ರಿವಾಲ್ವರಿಗೂ ಅಷ್ಟೇ. ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ದೇಶದಾಚೆ ಸಾಗಿಸಲು 1972ರ ಕಾಯ್ದೆ ಖಾಸಗಿಯವರಿಗೆ ಬಿಡುವುದಿಲ್ಲ.

ನನಗೆ ಫೋಟೋ ಕಳಿಸುವವರು ಇಡೀ ಕೋವಿಯದು ಕಳಿಸಬೇಡಿ, ಅದನ್ನು ಹೆಗಲ ಮೇಲಿಟ್ಟು ನಿಂತ ನಿಮ್ಮದಂತೂ ಬೇಡವೇ ಬೇಡ. ಚಕಮಕಿ ಕಲ್ಲು ಕಚ್ಚುವ ಕುದುರೆ ಕೂತ ಉಕ್ಕಿನ ಪಟ್ಟಿ ಇದೆಯಲ್ಲ, ಬೆಳಗಿನ ಓರೆ ಬಿಸಿಲಿಗೆ ಹಿಡಿದು ಅದರದೊಂದು ತೆಗೆಯಿರಿ. ಎಣ್ಣೆ ಹಚ್ಚಿ ಉಜ್ಜಬೇಡಿ. ತುಕ್ಕಿನಡಿಯಲ್ಲಿ ಅಂಕಿ ಇರುತ್ತದೆ.