ದರಿಯಾ ದೌಲತ್ ಗೋಡೆ ಮತ್ತು ತುಂಡು ಹೊತ್ತು

ಗಂಜಾಂ ರಸ್ತೆಯ ದರಿಯಾ ದೌಲತ್‌ನ ಪಶ್ಚಿಮದ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕದನದ ಚಿತ್ರವಿದೆ. ನಮ್ಮ ವಿಮರ್ಶೆ ಅಲ್ಲಿ ಟಿಪ್ಪುವಿನ ಗೆಲುವನ್ನು, ಪಲ್ಲಕ್ಕಿಯಲ್ಲಿ ಕೂತ ಕರ್ನಲ್ ಬೇಯ್ಲಿಯ ಸೋಲನ್ನು ಓದುತ್ತದೆ. ನನಗೆ ಮೊದಲು ಕಾಣುವುದು ದುಡಿಮೆ. ಈ ಗೋಡೆಗೆ ಒಮ್ಮೆ ಸುಣ್ಣ ಬಳಿದರು. ವೆಲ್ಲೆಸ್ಲಿ ದುರಸ್ತಿ ಮಾಡಿಸಿದ. 1850ರ ದಶಕದಲ್ಲಿ ಡಾಲ್‌ಹೌಸಿ ಮತ್ತೆ ಬರೆಸಿದ. ಅಂದರೆ ನಾವು ಮೆಚ್ಚುವ ಗೆರೆ ನಿಂತು ನಿಂತು, ಬೇರೆ ಬೇರೆ ಕೈಗಳು ಇನ್ನೊಬ್ಬರ ಅಪ್ಪಣೆಗೆ ಬರೆದದ್ದು.

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ಗೆಳತಿಯೊಬ್ಬಳಿದ್ದಾಳೆ. ಮೂರು ವರ್ಷದ ಮಗಳ ತಾಯಿ. ‘ಈಗ ನಾನು ಕಲಾವಿದೆಯಲ್ಲ ಕಣೇ, ಬರೀ ಆರ್ಡರ್ ಮುಗಿಸೋಳು’ ಎನ್ನುತ್ತಾಳೆ. ಮಗು ಮಲಗಿದ ಒಂದೂವರೆ ಗಂಟೆಯಲ್ಲಿ ಬರೆದದ್ದು ಕಲೆಯಲ್ಲವೆನ್ನುವ ಅಳತೆಗೋಲನ್ನು ಅವಳಿಗೆ ಕೊಟ್ಟದ್ದು ವಿಮರ್ಶೆಯೇ: ಏಕಾಂತ, ಸ್ವಂತಿಕೆ, ಅಡ್ಡಿಯಿಲ್ಲದ ತಪಸ್ಸು. ದರಿಯಾ ದೌಲತ್ ಆ ಅಳತೆಗೆ ನಿಲ್ಲುವುದಿಲ್ಲ. ಆದರೂ ಅದು ಕಲೆ.

ಹಾಗೆಂದು ಹಳೆಯ ಚಿತ್ರಗಾರರ ಮನೆಯನ್ನು ಆದರ್ಶವೆನ್ನಲಾರೆ. ಕಸುಬು ಮನೆಮಂದಿಯದು, ಮಕ್ಕಳು ಬಣ್ಣ ಅರೆಯುತ್ತಲೇ ಕಲಿತರು ಎನ್ನುವಾಗ, ಒಲೆಯ ಮುಂದೆ ಯಾರಿದ್ದರು ಎಂದೂ ಕೇಳಬೇಕು. ಗೆಳತಿಗೆ ಬೇಕಿರುವುದು ನಮ್ಮ ಸಮಾಧಾನದ ಮಾತಲ್ಲ. ಸಕಾಲಕ್ಕೆ ಕೈಸೇರುವ ಸಂಭಾವನೆ, ಮಗುವನ್ನು ಎತ್ತಿಕೊಳ್ಳುವ ಇನ್ನೊಬ್ಬರು. ವಿಮರ್ಶೆ ಗೆರೆಯ ಜೊತೆ ಆ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಲಿ.